ತೇರು ಮತ್ತು ಎತ್ತು

ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ಜಾತ್ರೆಯಲ್ಲಿ ಎರಡು ನೋಟಗಳು ಪ್ರಸಿದ್ಧ. ಒಂದು, ಹೂವು ಬಾವುಟಗಳಿಂದ ಶೃಂಗಾರಗೊಂಡ ತೇರು. ಇನ್ನೊಂದು, ದನಗಳ ಪರಿಷೆಯಲ್ಲಿ ರೈತನು ಹಲ್ಲು ನೋಡಿ, ಬೆನ್ನು ತಟ್ಟಿ ಕೊಳ್ಳುವ ಎತ್ತು. ತೇರು ಕಣ್ಣಿಗೆ, ಎತ್ತು ಹೊಲಕ್ಕೆ. ಮೋಟಾರು ಕಾರುಗಳ ಲೋಕದಲ್ಲಿಯೂ ಇಂಥವೇ ಎರಡು ಜಾತಿಗಳುಂಟು.

ಪ್ರದರ್ಶನಗಳಿಗೆಂದೇ ಕಂಪನಿಗಳು ಒಂದೊಂದಾಗಿ ಕಟ್ಟಿಸುವ ಕಾರುಗಳು ತೇರಿನ ಜಾತಿಯವು. ಮುಂದೆ ಬರಬಹುದಾದ ರೂಪವನ್ನೂ ಸೌಕರ್ಯಗಳನ್ನೂ ಜನರ ಮುಂದಿಟ್ಟು ಅವರ ಮನಸ್ಸನ್ನು ಅರಿಯುವುದು ಅವುಗಳ ಉದ್ದೇಶ. ಇವುಗಳಲ್ಲಿ ಮೊದಲನೆಯದೆಂದು ಹೆಸರಾದುದು 1938ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯ ಹಾರ್ಲೆ ಅರ್ಲ್ ರೂಪಿಸಿದ ಬ್ಯೂಕ್ ವೈ-ಜಾಬ್. ಅದರ ಮುಂದೀಪಗಳು ಬೇಡವಾದಾಗ ಮರೆಯಾಗುತ್ತಿದ್ದವು. ಕಿಟಕಿಗಳು ವಿದ್ಯುತ್ತಿನಿಂದ ಏರಿಳಿಯುತ್ತಿದ್ದವು. ಆ ಕಾರು ಮಾರಾಟಕ್ಕೆ ಬರಲಿಲ್ಲ. ಆದರೆ ಅಂದು ಬೆರಗು ಹುಟ್ಟಿಸಿದ ಕಿಟಕಿ ಇಂದು ಸಾಮಾನ್ಯ ಸಂಸಾರಿಯ ಕಾರಿನಲ್ಲಿಯೂ ಇದೆ.

ಬೆಂಗಳೂರೂ ಇಂಥ ತೇರನ್ನು ಎಳೆದಿದೆ. 2001ರಲ್ಲಿ ರೇವಾ ಎಂಬ ಪುಟ್ಟ ವಿದ್ಯುತ್ ಕಾರನ್ನು ರಸ್ತೆಗಿಳಿಸಿದ ಇಲ್ಲಿನ ಕಂಪನಿಯು 2009ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಎರಡು ಹೊಸ ಕಾರುಗಳನ್ನು ನಿಲ್ಲಿಸಿತು. ದಿಲೀಪ್ ಛಾಬ್ರಿಯಾ ರೂಪಿಸಿದ ಎನ್‌ಎಕ್ಸ್‌ಜಿ ಇಬ್ಬರಿಗಷ್ಟೇ ಆಸನವಿದ್ದ ಚೆಲುವೆ. ಎನ್‌ಎಕ್ಸ್‌ಆರ್ ನಾಲ್ವರ ಸಂಸಾರಕ್ಕೆ ಒಗ್ಗುವಂಥದು. ಚೆಲುವೆ ಮಾರುಕಟ್ಟೆಯ ಮುಖವನ್ನೇ ಕಾಣಲಿಲ್ಲ. 2010ರಲ್ಲಿ ಕಂಪನಿಯ ಹೆಚ್ಚಿನ ಪಾಲು ಮಹೀಂದ್ರ ಸಂಸ್ಥೆಯ ಕೈಸೇರಿತು. ಎನ್‌ಎಕ್ಸ್‌ಆರ್‌ನಿಂದ ಬೆಳೆದ ಇ-ಟು-ಓ 2013ರ ಮಾರ್ಚಿನಲ್ಲಿ ರಸ್ತೆಗಿಳಿಯಿತು. ಲಿಥಿಯಂ ಬ್ಯಾಟರಿಯ ಎನ್‌ಎಕ್ಸ್‌ಆರ್ ಒಮ್ಮೆ ವಿದ್ಯುತ್ ತುಂಬಿದರೆ 160 ಕಿಲೋಮೀಟರು ಓಡುವುದೆಂದು ಫ್ರಾಂಕ್‌ಫರ್ಟಿನಲ್ಲಿ ಹೇಳಲಾಗಿತ್ತು. ಅಂಗಡಿಗೆ ಬಂದ ಇ-ಟು-ಓ ಕಾರಿಗೆ ಹೇಳಿದ್ದು 100 ಕಿಲೋಮೀಟರು.

ಬಿಡದಿಯ ಕತೆ ಬೇರೆ. 2007ರವರೆಗೆ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿದ್ದ ಈ ಊರಿನ ಟೊಯೋಟ ಕಾರ್ಖಾನೆಗೆಂದು ಸಿದ್ಧವಾದ ಎಟಿಯೋಸ್, 2010ರ ಜನವರಿಯಲ್ಲಿ ದೆಹಲಿಯ ಪ್ರದರ್ಶನದಲ್ಲಿ ಕಾಣಿಸಿಕೊಂಡು ಅದೇ ಡಿಸೆಂಬರಿನಲ್ಲಿ ಮಾರಾಟಕ್ಕೆ ಬಂದಿತು. ಬೆಡಗು ಕಡಿಮೆ; ಮಾತಿಗೂ ವಸ್ತುವಿಗೂ ಅಂತರವೂ ಕಡಿಮೆ. 2020ರವರೆಗೆ ಅದು ಮಾರಾಟದಲ್ಲಿದ್ದಿತು.

ಹಾಗೆಂದು ತೇರನ್ನು ವ್ಯರ್ಥವೆನ್ನಲಾಗದು. ಎನ್‌ಎಕ್ಸ್‌ಆರ್ ಫ್ರಾಂಕ್‌ಫರ್ಟಿನಲ್ಲಿ ನಿಲ್ಲದಿದ್ದರೆ, ಬೆಂಗಳೂರಿನಲ್ಲಿಯೂ ಇಂಥ ಕಾರು ಹುಟ್ಟಬಲ್ಲದೆಂದು ಅಲ್ಲಿ ನೆರೆದ ಲೋಕಕ್ಕೆ ತಿಳಿಯುತ್ತಿರಲಿಲ್ಲ. ಆದರೆ ವರ್ಷಗಟ್ಟಲೆ ಕೂಡಿಟ್ಟ ಹಣದಿಂದ ಕಾರು ಕೊಳ್ಳಹೊರಟ ಗೃಹಸ್ಥನು ಪ್ರದರ್ಶನದ ದೀಪದ ಬೆಳಕಿನಲ್ಲಿ ಬೆಲೆ ಕಟ್ಟಬಾರದು. ತೇರಿಗೆ ಕೈಮುಗಿದು ಬರಲಿ. ಹಗ್ಗ ಹಿಡಿದು ಮನೆಗೆ ತರುವಾಗ ಎತ್ತಿನ ಹಲ್ಲನ್ನೇ ನೋಡಲಿ.