ಶ್ವಾಸಕೋಶ ಹುಟ್ಟಿದುದು ನೀರಿನಲ್ಲಿ

ಮೀನು ನೆಲವನ್ನೇರಿತು, ಗಾಳಿಯಲ್ಲಿ ಉಸಿರಾಡಬೇಕಾಗಿ ಬಂದುದರಿಂದ ಅದಕ್ಕೆ ಶ್ವಾಸಕೋಶ ಬಂದಿತು. ಕೇಳಿದರೆ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಕೊಡುವ ಉತ್ತರವಿದು. ಕಥೆ ಸೊಗಸಾಗಿದೆ, ಆದರೆ ತಲೆಕೆಳಗಾಗಿದೆ. ನಾನು ಕಲಿಸುವುದು ಭೌತಶಾಸ್ತ್ರವಾದರೂ ಈ ವಿಷಯದಲ್ಲಿ ಮಾತನಾಡುವುದು ಅತಿಕ್ರಮವೆಂದು ಭಾವಿಸಿಲ್ಲ. ಉಸಿರಾಟದ ಮೂಲದಲ್ಲಿರುವುದು ಭೌತಶಾಸ್ತ್ರವೇ.

ಒಂದು ಲೀಟರು ಗಾಳಿಯಲ್ಲಿ ಸುಮಾರು 210 ಮಿಲಿಲೀಟರು ಆಮ್ಲಜನಕವಿದೆ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರು ಸಿಹಿನೀರಿನಲ್ಲಿ ಕರಗಿರಬಲ್ಲುದು ಆರೇಳು ಮಿಲಿಲೀಟರು ಮಾತ್ರ. ನೀರು ಬಿಸಿಯಾದಂತೆ ಅದೂ ಕುಗ್ಗುತ್ತದೆ. ಎಲೆ ಕೊಳೆತ ನಿಂತ ನೀರಿನಲ್ಲಂತೂ ಹೇಳುವುದೇ ಬೇಡ. ಅಂತಹ ಕಡೆ ಮೇಲಕ್ಕೆ ಬಂದು ಒಂದು ಗುಟುಕು ಗಾಳಿಯನ್ನು ನುಂಗಿದ ಮೀನಿಗೆ ಎಷ್ಟು ಲಾಭವೆಂಬುದನ್ನು ವಾಚಕರೇ ಲೆಕ್ಕ ಹಾಕಬಹುದು. ಅನ್ನನಾಳದಿಂದ ಹೊರಚಾಚಿದ, ರಕ್ತನಾಳಗಳು ಹರಡಿದ ಒಂದು ಚೀಲವಿದ್ದ ಮೀನುಗಳು ಉಳಿದವು. ಅದೇ ಮೊದಲ ಶ್ವಾಸಕೋಶ. ಆಫ್ರಿಕದ ಪಾಲಿಪ್ಟೆರಸ್ ಮೀನಿನಲ್ಲಿ ಇಂದಿಗೂ ಇಂತಹ ಜೋಡಿ ಶ್ವಾಸಕೋಶಗಳಿವೆ.

ಮೀನಿನ ಗಾಳಿಚೀಲವೇ ಶ್ವಾಸಕೋಶವಾಗಿ ಮಾರ್ಪಟ್ಟಿತೆಂದು ಡಾರ್ವಿನ್ 1859ರಲ್ಲಿ ಊಹಿಸಿದ್ದನು. ಇಂದಿನ ಸಾಕ್ಷ್ಯ ಇದಕ್ಕೆ ವಿರುದ್ಧವಾಗಿದೆ: ಶ್ವಾಸಕೋಶವೇ ಮೊದಲಿನದು, ಬಹುಪಾಲು ಮೀನುಗಳಲ್ಲಿ ಅದು ತೇಲಲು ನೆರವಾಗುವ ಗಾಳಿಚೀಲವಾಯಿತು. ಸುಮಾರು 37 ಕೋಟಿ ವರ್ಷಗಳ ಹಿಂದೆ ಕಾಲುಳ್ಳ ಪ್ರಾಣಿಗಳು ತಲೆದೋರುವಷ್ಟರಲ್ಲಿ ಗಾಳಿಯನ್ನು ಉಸಿರಾಡುವ ಅಂಗ ಸಿದ್ಧವಾಗಿದ್ದಿತು. ಕಿವಿರೊಂದನ್ನೇ ನಂಬಿದ್ದರೆ ನೆಲದ ಮೇಲೆ ಬಾಳುವುದು ಕಷ್ಟ. ನೀರಿನ ಆಸರೆ ತಪ್ಪಿದೊಡನೆ ಅದರ ಎಳೆಗಳು ಮೇಲ್ಮೈ ಎಳೆತದಿಂದ ಒಂದಕ್ಕೊಂದು ಅಂಟಿಕೊಂಡು ವಿಸ್ತೀರ್ಣ ಕುಗ್ಗುತ್ತದೆ.

ಆದುದರಿಂದ "ಬೇಕಾಯಿತು, ಬಂದಿತು" ಎಂಬ ಉತ್ತರಕ್ಕೆ ಪೂರ್ತಿ ಅಂಕ ಕೊಡುವ ಪದ್ಧತಿಯನ್ನು ನಾವು ಅಧ್ಯಾಪಕರು ಬಿಡಬೇಕು. ಮುಂದೆ ಬೇಕಾಗುವುದನ್ನು ಬಲ್ಲ ಅಂಗ ಯಾವುದೂ ಇಲ್ಲ. ಅದರ ಬದಲು 1855ರಲ್ಲಿ ಫಿಕ್ ಹೇಳಿದ ವಿಸರಣ ನಿಯಮವನ್ನು ಇಲ್ಲಿಯೇ ಏಕೆ ಕಲಿಸಬಾರದು? ಮೇಲ್ಮೈ ಹಿಗ್ಗಿದಷ್ಟೂ, ಪೊರೆ ತೆಳುವಾದಷ್ಟೂ ಅನಿಲ ಹೆಚ್ಚು ದಾಟುತ್ತದೆ. ಕಪ್ಪೆಯದು ಸರಳವಾದ ಚೀಲ. ಕೊರತೆಯನ್ನು ಒದ್ದೆ ಚರ್ಮ ತುಂಬುತ್ತದೆ. ನಮ್ಮ ಎದೆಯೊಳಗೆ ಕೋಟಿಗಟ್ಟಲೆ ವಾಯುಕೋಶಗಳು ಸೇರಿ ಸುಮಾರು 70 ಚದರ ಮೀಟರು ವಿಸ್ತಾರವನ್ನೊದಗಿಸಿವೆ. ಗೋಡೆಯ ದಪ್ಪ ಬಹುಪಾಲು ಕಡೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತ ಕಡಿಮೆ.

ಹಾಗೆಂದು ನಮ್ಮದೇ ಶಿಖರವೆಂದು ಬೀಗಬೇಕಾಗಿಲ್ಲ. ನಾವು ಹಳೆಯ ಗಾಳಿಗೆ ಹೊಸದನ್ನು ಬೆರೆಸಿಕೊಳ್ಳುತ್ತೇವೆ. ಹಕ್ಕಿಯ ಶ್ವಾಸಕೋಶದಲ್ಲಿ ಗಾಳಿ ಒಂದೇ ದಿಕ್ಕಿನಲ್ಲಿ ಹರಿಯುತ್ತದೆ. ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬಂದಿಳಿಯುವ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬರುವುದು ಇಂತಹ ಉಸಿರಿನಿಂದಲೇ.