ಬಸ್ಟರ್ ಕೀಟನ್: ನಗದ ಮುಖ, ಆಡದ ಚರಿತ್ರೆ

ಮೂಕಿ ಚಿತ್ರಗಳ ಹಾಸ್ಯವನ್ನು ಕುರಿತ ಚರ್ಚೆ ಬಹುಮಟ್ಟಿಗೆ ಚಾಪ್ಲಿನ್‌ನಿಂದ ಆರಂಭವಾಗಿ ಅಲ್ಲಿಯೇ ಮುಗಿಯುತ್ತದೆ. ದೀನರ ಬಗೆಗಿನ ಅನುಕಂಪ, ನಗೆಯೊಳಗಿನ ಕಣ್ಣೀರು ಅಲ್ಲಿನ ಒಪ್ಪಿತ ಮಾನದಂಡಗಳು. ಇವುಗಳಿಗೆ ಬಸ್ಟರ್ ಕೀಟನ್ (1895–1966) ಒಗ್ಗುವುದಿಲ್ಲ. ಅವನ ಮುಖ ನಗುವುದಿಲ್ಲ, ಪ್ರೇಕ್ಷಕನ ಕರುಣೆಯನ್ನು ಬೇಡುವುದೂ ಇಲ್ಲ. ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ (1928) ಚಿತ್ರದಲ್ಲಿ ಬಿರುಗಾಳಿಗೆ ಸಿಕ್ಕ ಮನೆಯ ಮುಂಗೋಡೆ ಇಡಿಯಾಗಿ ಕಳಚಿ ಮೈಮೇಲೆ ಬೀಳುವಾಗ ತೆರೆದ ಕಿಟಕಿಯೊಂದರ ಚೌಕಟ್ಟು ಮಾತ್ರ ಅವನನ್ನು ಉಳಿಸುತ್ತದೆ. ಆ ಗೋಡೆಯ ಭಾರ ನಿಜವಾದುದು. ಅಳತೆ ಕೊಂಚ ತಪ್ಪಿದ್ದರೂ ನಟ ಬದುಕುತ್ತಿರಲಿಲ್ಲ. ಹಾಂಗ್‌ಕಾಂಗ್‌ನ ಜಾಕಿ ಚಾನ್ 1987ರಲ್ಲಿ ‘ಪ್ರಾಜೆಕ್ಟ್ ಎ’ಯ ಎರಡನೆಯ ಭಾಗದಲ್ಲಿ ಇದೇ ದೃಶ್ಯವನ್ನು ಮರುಸೃಷ್ಟಿಸಿದನು.

1949ರಲ್ಲಿ ಜೇಮ್ಸ್ ಏಜಿ ‘ಲೈಫ್’ ಪತ್ರಿಕೆಗೆ ಬರೆದ ಪ್ರಬಂಧದ ನಂತರ ಕೀಟನ್‌ನ ಮರುಮೌಲ್ಯಮಾಪನ ವೇಗ ಪಡೆಯಿತು. 1989ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಆಯ್ಕೆಯಾದ ಮೊದಲ 25 ಚಿತ್ರಗಳಲ್ಲಿ ‘ದಿ ಜನರಲ್’ (1926) ಒಂದು. ತೊಡಕಿರುವುದು ಈ ಚಿತ್ರದಲ್ಲಿಯೇ.

1862ರ ಅಂತರ್ಯುದ್ಧದ ಕಾಲದಲ್ಲಿ ಉತ್ತರದ ಪಡೆಯವರು ದಕ್ಷಿಣದ ರೈಲು ಎಂಜಿನ್ನೊಂದನ್ನು ಅಪಹರಿಸಿದ ಘಟನೆಯೇ ಚಿತ್ರದ ವಸ್ತು. ಆಕರವೋ ಆ ಸಾಹಸದಲ್ಲಿ ಭಾಗಿಯಾಗಿದ್ದ ಉತ್ತರದ ಸೈನಿಕ ವಿಲಿಯಂ ಪಿಟೆಂಜರ್‌ನ ಕೃತಿ. ಕೀಟನ್ ದೃಷ್ಟಿಕೋನವನ್ನೇ ತಿರುಗಿಸಿ ದಕ್ಷಿಣದ ಎಂಜಿನ್ ಚಾಲಕನನ್ನು ನಾಯಕನನ್ನಾಗಿಸಿದನು. ಯುದ್ಧದ ಮೂಲದಲ್ಲಿದ್ದ ಗುಲಾಮಗಿರಿಯ ಪ್ರಶ್ನೆ ಚಿತ್ರದಲ್ಲಿ ಎಲ್ಲಿಯೂ ತಲೆಯೆತ್ತುವುದಿಲ್ಲ. ಕೀಟನ್‌ನ ಆಸಕ್ತಿ ಯಂತ್ರದಲ್ಲಿತ್ತೇ ಹೊರತು ರಾಜಕಾರಣದಲ್ಲಲ್ಲ ಎಂಬ ಸಮರ್ಥನೆಯುಂಟು. ಈ ಸಮರ್ಥನೆ ಅಪೂರ್ಣವಾದುದು. ಉರಿಯುವ ಸೇತುವೆ ಕುಸಿದು ಉತ್ತರದವರ ರೈಲು ನದಿಗೆ ಬೀಳುವ ದೃಶ್ಯಕ್ಕಾಗಿ ಕೀಟನ್ ನಿಜವಾದ ಎಂಜಿನ್ನನ್ನೇ ಬೀಳಿಸಿದನು. ಆ ಕ್ಷಣದಲ್ಲಿ ಪ್ರೇಕ್ಷಕನು ದಕ್ಷಿಣದ ಪಕ್ಷದಲ್ಲಿ ನಿಂತು ಚಪ್ಪಾಳೆ ತಟ್ಟುತ್ತಾನೆ, ತಾನು ಪಕ್ಷ ವಹಿಸಿದ್ದೇನೆಂಬ ಅರಿವೇ ಇಲ್ಲದೆ. ‘ದಿ ಬರ್ತ್ ಆಫ್ ಎ ನೇಷನ್’ (1915) ತನ್ನ ವರ್ಣದ್ವೇಷವನ್ನು ಬಹಿರಂಗವಾಗಿ ಸಾರಿದ್ದರಿಂದ ಅದಕ್ಕೆ ಪ್ರತಿರೋಧವೂ ಹುಟ್ಟಿತು. ಕೀಟನ್‌ನ ನಿರ್ಭಾವುಕತೆ ಅಂತಹ ಪ್ರತಿರೋಧಕ್ಕೆ ಆಸ್ಪದವನ್ನೇ ಕೊಡುವುದಿಲ್ಲ. (ಚಾಪ್ಲಿನ್‌ನ ಅನುಕಂಪವನ್ನು ಅತಿಯೆಂದು ಹಳಿಯುವವರು, ನೋಯುತ್ತಿರುವವರು ಯಾರು ಎಂಬ ಪ್ರಶ್ನೆಯನ್ನು ಅದು ಬಿಟ್ಟುಕೊಡುವುದಿಲ್ಲವೆಂಬುದನ್ನು ಗಮನಿಸಬೇಕು.)

ಇದರಿಂದ ‘ದಿ ಜನರಲ್’ನ ಕಲಾತ್ಮಕತೆ ಕುಂದುವುದಿಲ್ಲ. ಆದರೆ ಅದರ ಚೌಕಟ್ಟು, ಗತಿ, ಅಂಗವಿನ್ಯಾಸಗಳನ್ನಷ್ಟೇ ಕೊಂಡಾಡುವ ವಿಮರ್ಶೆ ಚಿತ್ರದ ಮೌನವನ್ನು ತಾನೂ ಮುಂದುವರಿಸುತ್ತದೆ. 1862ರ ಆ ಅಪಹರಣಕ್ಕಾಗಿ ದಕ್ಷಿಣದ ಸರ್ಕಾರ ಎಂಟು ಮಂದಿಯನ್ನು ಗಲ್ಲಿಗೇರಿಸಿತು. ಚಿತ್ರ ಮುಗಿಯುವುದು ಬೇರೊಂದು ದೃಶ್ಯದಲ್ಲಿ: ದಕ್ಷಿಣದ ಸೇನೆಯ ಹೊಸ ಸಮವಸ್ತ್ರ ತೊಟ್ಟ ನಾಯಕ ಪ್ರೇಯಸಿಯನ್ನು ಚುಂಬಿಸುತ್ತಲೇ, ಎದುರು ಹಾದುಹೋಗುವ ಸೈನಿಕರಿಗೆ ಒಂದು ಕೈಯಿಂದ ವಂದಿಸುತ್ತಿರುತ್ತಾನೆ.