ನುಗ್ಗೆಯ ಸೊಪ್ಪಿಗೆ ಬದುವಿನ ಮೇಲೊಂದು ಸಾಲು

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಜಮೀನುದಾರರಿಗೆ ಸೊಪ್ಪು ಬೆಳೆಯುವ ವಿದ್ಯೆಯನ್ನು ಹೊಸದಾಗಿ ಕಲಿಸಬೇಕಾದುದಿಲ್ಲ. ರೇಷ್ಮೆಹುಳುವಿನ ಮೇವಿಗಾಗಿ ಹಿಪ್ಪುನೇರಳೆಯನ್ನು ಕಾಲಕಾಲಕ್ಕೆ ಸವರಿ, ಗೊಬ್ಬರವಿಕ್ಕಿ ಚಿಗುರಿಸುವುದರಲ್ಲಿ ಇಲ್ಲಿಯ ರೈತರು ನಿಪುಣರು. ಹುಳುವಿನ ಸೊಪ್ಪಿಗೆ ಇಷ್ಟು ಆರೈಕೆಯು ನಡೆಯುತ್ತಿರಲು, ಮನುಷ್ಯರ ಸೊಪ್ಪಾದ ನುಗ್ಗೆಯು ಹಿತ್ತಿಲ ಮೂಲೆಯಲ್ಲಿ ಒಂಟಿಯಾಗಿ ನಿಂತಿರುವುದು ವಿಚಿತ್ರವೇ ಸರಿ. ಅದನ್ನೂ ಕಾಯಿಗಾಗಿ ಮಾತ್ರ ಸಾಕುವರು; ಸೊಪ್ಪು ಕಿತ್ತರೆ ಕಾಯಿಯು ಕಡಮೆಯಾದೀತೆಂದು ಕೂಲಿಯ ಹೆಂಗಸರನ್ನು ಗದರಿಸುವ ಯಜಮಾನರೂ ಉಂಟು. ಕಾಯಿಯ ಮರದ ಮಟ್ಟಿಗೆ ಈ ಭಯವು ಅಷ್ಟಿಷ್ಟು ನ್ಯಾಯವಾದುದೇ. ಆದುದರಿಂದಲೇ ಸೊಪ್ಪಿಗೆಂದು ಬೇರೊಂದು ಸಾಲನ್ನು ಬದುವಿನ ಮೇಲೆ ಇಡತಕ್ಕದ್ದು.

ಹಾಲೂ ಬೇಳೆಯೂ ಸಾಲದೆ ಬರಿಯ ಮುದ್ದೆಯಲ್ಲಿ ದಿನ ಕಳೆಯುವ ಮನೆಗಳಲ್ಲಿ ಈ ಸೊಪ್ಪಿನ ಬೆಲೆಯು ತಿಳಿಯುವುದು. 100 ಗ್ರಾಂ ಹಸಿ ಎಲೆಯಲ್ಲಿ ಸಸಾರಜನಕವು 6 ಗ್ರಾಂಗೂ, ಸುಣ್ಣದಂಶವು 300 ಮಿಲಿಗ್ರಾಂಗೂ ಮೇಲ್ಪಟ್ಟಿರುವುವು. ಸಂತೆಯಲ್ಲಿ ಹಣ ಕೊಟ್ಟು ತರುವ ಎಲೆಕೋಸಿನಲ್ಲಿ ಸಸಾರಜನಕವು 2 ಗ್ರಾಂ ಸಹ ಇಲ್ಲ. ಕಣ್ಣಿಗೆ ಅವಶ್ಯವಾದ ಎ ಜೀವಸತ್ವದ ಮೂಲವೂ ಇದರಲ್ಲಿ ಹೇರಳವಾಗಿದೆ. ಒಗ್ಗರಣೆಯ ಎಣ್ಣೆಯಿದ್ದರೆ ಅದು ಮೈಗೆ ಚೆನ್ನಾಗಿ ಹತ್ತುವುದು. ಬೇಯಿಸಿದ ನೀರನ್ನು ಬಸಿದು ಚೆಲ್ಲುವುದು ತರವಲ್ಲ.

ಹನೂರಿನ ಮಳೆಯಾಶ್ರಯದ ಕೆಂಪು ನೆಲವು ಈ ಗಿಡಕ್ಕೆ ಒಪ್ಪುವುದು. ಯಳಂದೂರಿನ ಗದ್ದೆಯ ಬಯಲಿನಲ್ಲಾದರೋ ಎತ್ತರವಾದ ಬದುವನ್ನೇ ಆರಿಸಬೇಕು. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುವುದು. ತೋಳುಗಾತ್ರದ ಕೊಂಬೆಗಳನ್ನು ಮುಂಗಾರಿನಲ್ಲಿ ನೆಡುವುದು ವಾಡಿಕೆಯಾದರೂ, ಬೀಜದ ಗಿಡದ ತಾಯಿಬೇರು ಆಳಕ್ಕಿಳಿಯುವುದರಿಂದ ಒಣಭೂಮಿಗೆ ಅದೇ ಮೇಲು. ಪೆರಿಯಕುಳಂನ ಪಿ.ಕೆ.ಎಂ.-1, ಬಾಗಲಕೋಟೆಯ ಭಾಗ್ಯ ಎಂಬ ತಳಿಗಳು ಬೀಜದಿಂದಲೇ ಬೆಳೆಯತಕ್ಕವು. ಮೂರಡಿಗೊಂದರಂತೆ ಇಟ್ಟು, ಸೊಂಟದೆತ್ತರಕ್ಕೆ ಬಂದೊಡನೆ ತುದಿಯನ್ನು ಚಿವುಟಿ, ಅನಂತರ ಹಿಪ್ಪುನೇರಳೆಯಂತೆಯೇ ಸವರುತ್ತ ಬಂದರೆ ಕೈಗೆಟುಕುವ ಪೊದೆಯಾಗುವುದು. ಬಲಿತ ಎಲೆಯು ಮೇಕೆಗಳಿಗಾಯಿತು.

ಕಂಬಳಿಹುಳುವಿಗೆ ಹೆದರಿ ಅನೇಕರು ಈ ಮರವನ್ನು ಮನೆಯ ಬಳಿಗೆ ಸೇರಿಸರು. ಆಕ್ಷೇಪಣೆಯು ಸುಳ್ಳಲ್ಲ. ಆದರೆ ಹುಳುಗಳು ಹಗಲಿನಲ್ಲಿ ಕಾಂಡದ ಮೇಲೆ ಗುಂಪುಗಟ್ಟಿ ಕುಳಿತಿರುವುದರಿಂದ ಪಂಜಿನಿಂದ ಸುಡುವುದು ಸುಲಭವು. ಕೀಟನಾಶಕವನ್ನು ಮಾತ್ರ ಸಿಂಪಡಿಸಕೂಡದು. ತಿನ್ನುವ ಸೊಪ್ಪು ವಿಷವಾಗುವುದಲ್ಲದೆ, ಪಕ್ಕದ ಹಿಪ್ಪುನೇರಳೆಯ ಮೇಲೆ ತುಂತುರು ಬಿದ್ದರೆ ರೇಷ್ಮೆಹುಳುಗಳೂ ಸಾಯುವುವು.

ಗ್ರಾಮದ ಮುಖಂಡರು ಶಾಲೆಯ ಬೇಲಿಯಲ್ಲಿ ಇಪ್ಪತ್ತು ಗಿಡಗಳನ್ನು ಇಡಿಸಿದರೆ ಬಿಸಿಯೂಟದ ಸಾರಿಗೆ ಸೊಪ್ಪು ಒದಗುವುದು. ಜಮೀನುದಾರರು ತಮ್ಮ ಬದುವಿನ ಸಾಲಿನಲ್ಲಿ ಕೂಲಿಯವರು ಸಂಜೆ ಮನೆಗೆ ಹೋಗುವಾಗ ಒಂದು ಹಿಡಿ ಮುರಿದುಕೊಳ್ಳಲು ಬಿಡಬೇಕು. ಸವರಿದಷ್ಟೂ ಚಿಗುರುವ ಗಿಡಕ್ಕೆ ಇದರಿಂದ ನಷ್ಟವಿಲ್ಲ.